ಅಪ್ಪಯ್ಯನ ವಾಚಿಗೆ ಬಣ್ಣ ಬಳಿದರು ಮಾರಾಯ್ರೆ!

ನಿಂತುಹೋಗಿದ್ದ ಅಪ್ಪಯ್ಯನ ಎಚ್‌ಎಂಟಿ ಪೈಲಟ್ ವಾಚನ್ನು ಉಡುಪಿಯಲ್ಲಿ ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ ವಾಚೇನೋ ಓಡುತ್ತಿತ್ತು. ಆದರೆ ಡಯಲ್ಲಿಗೆ ಪೂರ್ತಿ ಹೊಸ ಕಪ್ಪು ಬಣ್ಣ, ಬೆಳ್ಳಗೆ ಮಿಂಚುವ ಅಂಕಿಗಳು! "ಹೊಸತರ ಹಾಗೆ ಮಾಡಿಸಿದ್ದೇನೆ" ಅಂತ ಅವರಿಗೆ ಖುಷಿ. ನನಗೆ ಅಳು ಬರುವುದೊಂದು ಬಾಕಿ.

ಕಾರ್ಕಳದಲ್ಲಿ ಮೇಷ್ಟ್ರಾಗಿದ್ದಷ್ಟು ದಿನ, ಆಮೇಲೆ ಕಾಪುವಿನ ಮನೆಯಲ್ಲೂ, ಅಪ್ಪಯ್ಯ ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಕೀ ಕೊಡುತ್ತಿದ್ದರು. ಹದಿನೇಳು ಜ್ಯುವೆಲ್ಲಿನ ಯಂತ್ರ. ಬೆವರು, ಮಳೆ, ಕಡಲಿನ ಉಪ್ಪುಗಾಳಿ ಸೇರಿ ಆ ಅಂಕಿಗಳನ್ನು ಕಂದು ಮಾಡಿದ್ದವು. ಆ ಕಂದು ಬಣ್ಣವೇ ಅಪ್ಪಯ್ಯ. ಅದನ್ನು ಉಜ್ಜಿ ತೆಗೆದರು.

ಇನ್ನೊಂದು ತಮಾಷೆ ಕೇಳಿ. ಮಣಿಪಾಲದ ಗೆಳೆಯನೊಬ್ಬ ಒಂದು ವಾಚಿನ ಚಿತ್ರ ತೋರಿಸಿ ನಿಟ್ಟುಸಿರು ಬಿಡುತ್ತಾನೆ. ಬ್ರೈಟ್ಲಿಂಗ್ ಕಂಪನಿ 1953ರ ತನ್ನದೇ ವಿಮಾನ ಚಾಲಕರ ಕ್ರೋನೋಗ್ರಾಫನ್ನು 2020ರಲ್ಲಿ ಮತ್ತೆ ಮಾಡಿತು. ಬಟನ್ ಒತ್ತಿ ಸ್ಟಾಪ್‌ವಾಚಿನ ಹಾಗೆ ಸಮಯ ಅಳೆಯುವ ವಾಚು ಅದು. ಸ್ಟೀಲಿನಲ್ಲಿ ಮಾಡಿದ್ದು 1953 ಮಾತ್ರ, ಬೆಲೆ ಲಕ್ಷಗಟ್ಟಲೆ. ಅದರ ಅಂಕಿಗಳಿಗೆ ಹಳತರ ಹಾಗೆ ಕಾಣಲಿ ಅಂತ ಮಾಸಲು ಬಣ್ಣ! ಅಲ್ಲಿ ಹೊಸದಕ್ಕೆ ಮುಪ್ಪು ಬಳಿಯುತ್ತಾರೆ, ಇಲ್ಲಿ ಮುಪ್ಪಿಗೆ ಹೊಸತು ಬಳಿಯುತ್ತಾರೆ. ಎರಡೂ ಸುಳ್ಳೇ ಅಲ್ವಾ?

"ಕಾಪುವಿನ ದೀಪಸ್ತಂಭಕ್ಕೂ ಬಣ್ಣ ಬಳಿಯುವುದಿಲ್ವಾ?" ಅಂತೀರಿ. ಬಳಿಯುತ್ತಾರೆ, ಹಗಲು ದೋಣಿಯವರಿಗೆ ಗುರುತು ಸಿಗಲಿ ಅಂತ. ಅದು ಕೆಲಸಕ್ಕೆ ಬಳಿದ ಬಣ್ಣ. 1901ರಲ್ಲಿ ಕಟ್ಟಿದ್ದನ್ನು ನಿನ್ನೆ ಕಟ್ಟಿದ್ದು ಅಂತ ಯಾರೂ ಮಾರುವುದಿಲ್ಲ. 1432ರ ಕಾರ್ಕಳದ ಗೊಮ್ಮಟನ ಮೈಮೇಲೆ ಮಳೆ ಬಿಡಿಸಿದ ಕಪ್ಪು ಗೆರೆಗಳಿವೆ. ಅದಕ್ಕೆ ಪೇಂಟ್ ಹೊಡೆದು "ಹೊಸತರ ಹಾಗೆ ಮಾಡಿದ್ದೇನೆ" ಅಂದರೆ ಸುಮ್ಮನಿರುತ್ತೀರಾ?

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಮುಚ್ಚುವ ಸುದ್ದಿ ಬಂದ ಮೇಲೆ ನಮಗೆಲ್ಲ ಪ್ರೀತಿ ಉಕ್ಕಿತು. ಹಳೆ ಡಯಲ್ಲಿಗೆ ಬಣ್ಣ ಬಳಿದು ಅಂತರ್ಜಾಲದಲ್ಲಿ ಮಾರುವವರೂ ಹೆಚ್ಚಿದರು. ಅವರನ್ನಷ್ಟೇ ಬೈದು ಏನು ಪ್ರಯೋಜನ? ಮಿಂಚುವುದನ್ನೇ ಆರಿಸುವವರು ನಾವು. "ಡಯಲ್ ಮುಟ್ಟಬೇಡಿ" ಅಂತ ಒಂದು ಮಾತು ಹೇಳದೆ ಬಂದವನೂ ನಾನೇ.

ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಇರಬಹುದು. ಯಂತ್ರ ರಿಪೇರಿ ಮಾಡಿಸಿ, ಖಂಡಿತ ಮಾಡಿಸಿ. ಆದರೆ ರಶೀದಿಯ ಮೇಲೆ ಆ ಎರಡು ಶಬ್ದ ಬರೆಸಿಕೊಂಡು ಬನ್ನಿ.

ಅಪ್ಪಯ್ಯನ ವಾಚು ಈಗ ಸರಿಯಾದ ಸಮಯ ತೋರಿಸುತ್ತಿದೆ. ಯಾರದೋ ವಾಚಿನ ಹಾಗೆ...