ಸ್ಕ್ರ್ಯಾಪ್‌ಬುಕ್: ಮೊದಲು ಲೆಕ್ಕ, ಆಮೇಲೆ ಅಂಗಡಿ

ದ್ವಿತೀಯ ಪಿಯುಸಿಯವರಿಗೆ ವರ್ಷದ ಕೊನೆಯಲ್ಲಿ ಎರಡು ಚಿಂತೆ. ಒಂದು ಪರೀಕ್ಷೆ, ಇನ್ನೊಂದು ಬೀಳ್ಕೊಡುಗೆ. ಬೀಳ್ಕೊಡುಗೆ ಎಂದ ಮೇಲೆ ಸ್ಕ್ರ್ಯಾಪ್‌ಬುಕ್ ಬೇಕೇ ಬೇಕು. ಫೋಟೋ ಅಂಟಿಸಿ, ಪ್ರತಿಯೊಬ್ಬರೂ ನಾಲ್ಕು ಸಾಲು ಬರೆದು, ಉಪನ್ಯಾಸಕರ ಸಹಿ ಹಾಕಿಸಿದ ದಪ್ಪ ಪುಸ್ತಕ ಅದು. ಇದು ಒಳ್ಳೆಯ ರೂಢಿ. ಮೊಬೈಲಿನಲ್ಲಿ ಸಾವಿರ ಫೋಟೋ ಇದ್ದರೂ ತಿರುಗಿ ನೋಡುವವರು ಕಡಿಮೆ. ನನ್ನ ತಕರಾರು ಪುಸ್ತಕದ ಬಗ್ಗೆ ಅಲ್ಲ, ಅದಕ್ಕೆ ಸಾಮಾನು ಕೊಳ್ಳುವ ರೀತಿಯ ಬಗ್ಗೆ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಯಾರೋ ಒಂದು ವಿಡಿಯೋ ನೋಡುತ್ತಾರೆ. ವಾಶಿ ಟೇಪ್, ಸ್ಟಿಕ್ಕರ್, ಮುತ್ತು, ರಿಬ್ಬನ್ ಎಂದು ಪಟ್ಟಿ ಬೆಳೆಯುತ್ತದೆ. ಕೊನೆಗೆ ಒಟ್ಟು ಮೊತ್ತವನ್ನು ತಲೆಗೆ ಇಷ್ಟು ಎಂದು ಹಂಚುತ್ತೇವೆ. 60 ಜನರ ತರಗತಿಯಲ್ಲಿ ತಲೆಗೆ 150 ರೂಪಾಯಿ ಎಂದರೆ 9,000 ರೂಪಾಯಿ! 150 ರೂಪಾಯಿ ಕೆಲವರಿಗೆ ಏನೂ ಅಲ್ಲ. ಆದರೆ ನಮ್ಮ ತರಗತಿಗಳಲ್ಲಿ ಅಬ್ಬಾ ಆಟೋ ಓಡಿಸುವವರಿದ್ದಾರೆ, ಅಮ್ಮಿ ಹೊಲಿಗೆ ಮಾಡಿ ಮನೆ ನಡೆಸುವವರಿದ್ದಾರೆ. ಅದೇ ತಿಂಗಳು ಜೆರಾಕ್ಸ್ ಖರ್ಚು, ಬಸ್ಸಿನ ಖರ್ಚು ಎಲ್ಲವೂ ಇರುತ್ತವೆ. ಕೊಡಲಾಗದವರು ‘ದುಡ್ಡಿಲ್ಲ’ ಎಂದು ಹೇಳುವುದಿಲ್ಲ. ‘ನನಗೆ ಇದರಲ್ಲೆಲ್ಲ ಇಂಟರೆಸ್ಟ್ ಇಲ್ಲ’ ಎಂದು ಹಿಂದೆ ಸರಿಯುತ್ತಾರೆ. ಅವರ ಪುಟ ಪುಸ್ತಕದಲ್ಲಿ ಇರುವುದಿಲ್ಲ. ಇಡೀ ತರಗತಿಯ ನೆನಪಿಗೆಂದು ಮಾಡಿದ ಪುಸ್ತಕದಲ್ಲಿ ತರಗತಿಯವರೇ ಇಲ್ಲದಿದ್ದರೆ ಮುತ್ತು ಅಂಟಿಸಿ ಏನು ಪ್ರಯೋಜನ?

ಆದ್ದರಿಂದ ಮೊದಲು ಹಣ, ಆಮೇಲೆ ಪಟ್ಟಿ ಎಂಬುದು ನನ್ನ ಸಲಹೆ. ಪ್ರತಿಯೊಬ್ಬರೂ ಹೆಸರು ಬರೆಯದೆ ಒಂದೊಂದು ಮುಚ್ಚಿದ ಲಕೋಟೆಯನ್ನು ಡಬ್ಬಕ್ಕೆ ಹಾಕಲಿ. ಒಳಗೆ 10 ರೂಪಾಯಿ ಇರಲಿ, 100 ಇರಲಿ, ಖಾಲಿಯೇ ಇರಲಿ. ಬಂದದ್ದೇ ನಮ್ಮ ಬಜೆಟ್. ಪುಟ ಮಾತ್ರ ಎಲ್ಲರಿಗೂ ಒಂದೊಂದು.

ಈಗ ನಿಜವಾಗಿ ಬೇಕಾದದ್ದು ಎಷ್ಟು ನೋಡೋಣ. ದೊಡ್ಡ ಚಾರ್ಟ್ ಶೀಟನ್ನು ಎರಡು ಬಾರಿ ಮಡಚಿ ಕತ್ತರಿಸಿದರೆ ನಾಲ್ಕು ಹಾಳೆ, ಎಂಟು ಪುಟ. 60 ಜನರಿಗೆ 8 ಚಾರ್ಟ್ ಸಾಕು, ನಾಲ್ಕು ಪುಟ ಉಪನ್ಯಾಸಕರಿಗೆ ಉಳಿಯುತ್ತವೆ. ರಟ್ಟು, ದಾರ, ಗ್ಲೂ ಸ್ಟಿಕ್, ಎರಡು ಬಣ್ಣದ ಪೆನ್ನು ಸೇರಿಸಿದರೆ ಪುಸ್ತಕ ಸಿದ್ಧ. ನೀರಿನಂತಹ ಗೋಂದು ಬೇಡ, ಹಾಳೆ ಸುಕ್ಕಾಗುತ್ತದೆ. ಸೆಲ್ಲೋಟೇಪ್ ಕೂಡ ಬೇಡ, ಕೆಲವು ವರ್ಷಗಳಲ್ಲಿ ಹಳದಿಯಾಗಿ ಬಿಟ್ಟುಕೊಳ್ಳುತ್ತದೆ. ನಿಜವಾದ ಖರ್ಚು ಫೋಟೋ ಪ್ರಿಂಟಿನದು. ಮೊಬೈಲಿನಲ್ಲೇ ನಾಲ್ಕು ಫೋಟೋ ಜೋಡಿಸಿ ಒಂದು 4×6 ಪ್ರಿಂಟ್ ತೆಗೆಸಿದರೆ ಆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ.

ಅಲಂಕಾರಕ್ಕೆ? ಸ್ಕ್ರ್ಯಾಪ್ ಎಂದರೇ ಚೂರು, ಉಳಿಕೆ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ಮೊದಲೇ ಅಂಟು ಹಚ್ಚಿದ ಹಾಳೆಗಳ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದಿದ್ದರು. ಅದು ಖಾಲಿ ಪುಸ್ತಕ. ಅಂಟಿಸುವ ಪತ್ರಿಕೆಯ ತುಣುಕು, ಚಿತ್ರ ಎಲ್ಲವೂ ಕೊಂಡವರ ಮನೆಯವೇ. ಇಂದು ಆ ಚೂರುಗಳನ್ನೂ ಪ್ಯಾಕ್ ಮಾಡಿ ಮಾರುತ್ತಾರೆ. ಹಳೆಯ ಟಿಕೆಟಿನಂತೆ ಕಾಣುವ ಸ್ಟಿಕ್ಕರ್, ಹಳೆಯ ಪತ್ರಿಕೆಯಂತೆ ಕಾಣುವ ಹಾಳೆ. ನಾವು ಎಂದೂ ಹೋಗದ ಊರಿನ ಟಿಕೆಟ್ ನಮ್ಮ ನೆನಪು ಹೇಗಾಗುತ್ತದೆ? ನಮ್ಮ ಬಸ್ ಟಿಕೆಟ್, ಕ್ಯಾಂಟೀನ್ ಬಿಲ್ಲು, ಕ್ರೀಡಾಕೂಟದ ಎದೆ ನಂಬರು ಇವೆಯಲ್ಲ. ಯಂತ್ರದಿಂದ ಬರುವ ಟಿಕೆಟ್, ಬಿಲ್ಲುಗಳ ಅಕ್ಷರ ಮಾಸಿಹೋಗುತ್ತದೆ, ಅವುಗಳ ಜೆರಾಕ್ಸ್ ಅಂಟಿಸಿ.

ನಮ್ಮ ಮನೆಗಳಲ್ಲಿ ಇನ್ನೊಂದು ನಿಧಿ ಇದೆ: ಶಾದಿ ಕಾರ್ಡುಗಳು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಹೂಬಳ್ಳಿ, ರೇಷ್ಮೆ ದಾರ. ಅಂಗಡಿಯ ಡಿಸೈನ್ ಪೇಪರಿಗಿಂತ ಒಂದು ಕೈ ಮೇಲು. ಒಂದೇ ಎಚ್ಚರಿಕೆ: ಬಿಸ್ಮಿಲ್ಲಾ ಅಥವಾ ಆಯತ್ ಮುದ್ರಿಸಿದ ಭಾಗಕ್ಕೆ ಕತ್ತರಿ ಹಾಕಬೇಡಿ. ಅದನ್ನು ಅದಬ್‌ನಿಂದ ಬೇರೆ ತೆಗೆದಿಡಿ. ಟೈಲರ್ ಅಂಗಡಿಯಲ್ಲಿ ಉಳಿದ ಲೇಸ್, ಗೋಟಾ ಚೂರುಗಳನ್ನು ಕೇಳಿದರೆ ಸುಮ್ಮನೆ ಕೊಡುತ್ತಾರೆ.

ಇಷ್ಟಾದ ಮೇಲೂ ಕೊಳ್ಳಬೇಕಾದದ್ದನ್ನು ಒಂದೇ ಸಲ, ಇಬ್ಬರು ಹೋಗಿ ತನ್ನಿ. ಬೆಂಗಳೂರಿನವರಾದ ನಮಗೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ದೂರವಲ್ಲ. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿ ಕಾಗದವನ್ನು ಹೋಲ್‌ಸೇಲಿನಲ್ಲಿ ಮಾರುವವರಿದ್ದಾರೆ, ಡಜನ್ ದರ ಕೇಳಿ. ಎಂಆರ್‌ಪಿ ಎಂದರೆ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಕೇಳಲು ನಾಚಿಕೆ ಬೇಡ. ಪ್ಯಾಕೆಟ್ಟಿನ ಬೆಲೆ ನೋಡುವ ಮೊದಲು ಒಳಗೆ ಎಷ್ಟಿದೆ ನೋಡಿ. 40 ರೂಪಾಯಿಗೆ 3 ಮೀಟರ್ ಟೇಪಿಗಿಂತ 80 ರೂಪಾಯಿಗೆ 10 ಮೀಟರ್ ಸಿಕ್ಕರೆ ಅದೇ ಅಗ್ಗ, ಅಷ್ಟು ಟೇಪು ಬೇಕಾಗಿದ್ದರೆ ಮಾತ್ರ! ಆನ್‌ಲೈನಿನಲ್ಲೂ ಇದೇ ಮಾತು. 40 ರೂಪಾಯಿ ಡೆಲಿವರಿ ಉಳಿಸಲು 150 ರೂಪಾಯಿಯ ಬೇಡದ ಸ್ಟಿಕ್ಕರ್ ಸೇರಿಸಿದರೆ ಉಳಿತಾಯ ಯಾರಿಗೆ?

‘ಒಂದೇ ಸಲ ಬರುವ ದಿನ, ಸ್ವಲ್ಪ ಜಾಸ್ತಿ ಆದರೇನು?’ ಎಂದು ಸ್ನೇಹಿತರು ಕೇಳುತ್ತಾರೆ. ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಓದಿದವರೇ ಉತ್ತರ ಹೇಳಲಿ. ಮೊದಲ ಸ್ಟಿಕ್ಕರ್ ಕೊಡುವ ಸಂತೋಷವನ್ನು ಹತ್ತನೆಯದು ಕೊಡುವುದಿಲ್ಲ. ಇನ್ನು ಕೆಲವರು ‘ಇದೆಲ್ಲ ಫಿಜೂಲ್ ಖರ್ಚಿ, ಪುಸ್ತಕವೇ ಬೇಡ’ ಎನ್ನುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಸೂರಾ ಅಲ್-ಫುರ್ಕಾನ್‌ನ 67ನೇ ಆಯತ್ ದುಂದುವೆಚ್ಚವನ್ನು ಮಾತ್ರವಲ್ಲ, ಜಿಪುಣತನವನ್ನೂ ಬೇಡ ಎನ್ನುತ್ತದೆ. ಎರಡರ ನಡುವಿನ ದಾರಿಯೇ ನಮ್ಮದು.

ಕೊನೆಯದಾಗಿ, ನಾವು ಕಾಮರ್ಸ್‌ನವರು. ನಗದು ಪುಸ್ತಕ ಬರೆಯುವುದನ್ನು ಅಂಕಗಳಿಗಾಗಿ ಮಾತ್ರ ಕಲಿತಿಲ್ಲ. ಸ್ಕ್ರ್ಯಾಪ್‌ಬುಕ್ಕಿನ ಜಮಾ-ಖರ್ಚನ್ನು ಒಂದು ಹಾಳೆಯಲ್ಲಿ ಬರೆದು, ಬಿಲ್ಲುಗಳ ಸಮೇತ ನೋಟಿಸ್ ಬೋರ್ಡಿಗೆ ಹಾಕೋಣ. ಉಳಿದ ಹಣ, ಉಳಿದ ಚಾರ್ಟ್, ಗ್ಲೂ ಎಲ್ಲವನ್ನೂ ಪ್ರಥಮ ಪಿಯುಸಿಯವರಿಗೆ ಒಪ್ಪಿಸೋಣ, ಮುಂದಿನ ವರ್ಷ ಅವರ ಖರ್ಚು ಅಷ್ಟು ಕಡಿಮೆಯಾಗುತ್ತದೆ. ಪ್ರತಿ ತರಗತಿಯ ಪ್ರತಿನಿಧಿಗಳು ಈ ತಿಂಗಳೇ ಡಬ್ಬ ಇಟ್ಟು ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ. ಪಟ್ಟಿ ಬರೆಯಲು ಆಮೇಲೆ ಬೇಕಾದಷ್ಟು ಸಮಯವಿದೆ.