ಮಾಗಿದ್ದಕ್ಕೂ ಅಳತೆ ಇರಲಿ
ಹೊಸೂರು, ಕೃಷ್ಣಗಿರಿ ಕಡೆಯ ಮಾವಿನ ಮಂಡಿಗಳಲ್ಲಿ ಕಾಯಿಯ ದರ್ಜೆ ತೀರ್ಮಾನವಾಗುವುದು ಹೆಚ್ಚಾಗಿ ವ್ಯಾಪಾರಿಯ ಕಣ್ಣಂದಾಜಿನಲ್ಲೇ. 'ಇದು ಎಳೆಗಾಯಿ' ಅಂದುಬಿಟ್ಟರೆ ಮುಗೀತು, ರೈತ ಎದುರಾಡುವಂತಿಲ್ಲ. ಹಾಗಂತ ಅಳೆಯುವ ದಾರಿಯೇ ಇಲ್ಲವೆ? ಇದೆ. ಬಲಿತ ಕಾಯಿಯ ಭುಜ ಉಬ್ಬಿ, ತೊಟ್ಟು ಒಳಸರಿದಿರುತ್ತದೆ. ನೀರಿಗೆ ಹಾಕಿದರೆ ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಹಣ್ಣಾದ ಮೇಲೆ ಒಂದು ಹನಿ ರಸ ಸಾಕು. ರಿಫ್ರಾಕ್ಟೋಮೀಟರ್ ಅದರ ಸಿಹಿಯನ್ನು ಬ್ರಿಕ್ಸ್ ಅಂಕಿಯಲ್ಲಿ ತೋರಿಸುತ್ತದೆ.

ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಕಾರ್ಬೈಡ್ ಇಟ್ಟರೆ ಎಳೆಗಾಯಿಯ ಸಿಪ್ಪೆಯೂ ಹಳದಿಯಾಗುತ್ತದೆ, ಒಳಗೆ ಹುಳಿ ಹುಳಿಯೇ. ಆರ್ಸೆನಿಕ್, ರಂಜಕದ ಅಂಶ ಬೆರೆತಿರಬಹುದಾದ ಈ ವಿಷವಸ್ತುವನ್ನು 2011ರ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. 100 ಪಿಪಿಎಂವರೆಗೆ ಎಥಿಲೀನ್ ಅನಿಲಕ್ಕೆ ಅನುಮತಿಯಿದೆ. ಆದರೆ ಎಳೆಗಾಯಿಗೆ ಅದೂ ರುಚಿ ತರಲಾರದು.

ಮಂಡಿಗೊಂದು ತೊಟ್ಟಿ ನೀರು, ಒಂದು ರಿಫ್ರಾಕ್ಟೋಮೀಟರ್ ಇಡುವುದು ದೊಡ್ಡ ಖರ್ಚೇನಲ್ಲ. ಮೊದಲ ಬೆಲೆಯ ಆಸೆಗೆ ಬಲಿಯುವ ಮುಂಚೆಯೇ ಕಾಯಿ ಕೀಳುವ ರೈತರಿಗೂ ಅದು ಬುದ್ಧಿ ಹೇಳೀತು. ತೂಕಕ್ಕೆ ತಕ್ಕಡಿ ಇದ್ದಂತೆ ಮಾಗಿದ್ದಕ್ಕೂ ಅಳತೆ ಇರಲಿ. ಆ ಅಳತೆ ಬೆಳೆದವನ ಕಣ್ಣೆದುರೇ ಆಗಲಿ.