245 ಕಾದಂಬರಿ, ಒಂದೇ ಸಿನಿಮಾ!

ಕನ್ನಡದ ಜೇಮ್ಸ್ ಬಾಂಡ್ ಯಾರು? ಈ ಪ್ರಶ್ನೆಯನ್ನು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಹುಡುಗನಿಗೆ ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ. ಅಣ್ಣಾವ್ರು! ಸಿಐಡಿ 999! 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ದೊರೈ–ಭಗವಾನ್ ಜೋಡಿಯ ಈ ನಾಲ್ಕೂ ಚಿತ್ರಗಳು ನಮ್ಮ ಅಪ್ಪ, ಕಾಕಾಗಳಿಗೆ ಇವತ್ತಿಗೂ ಬಾಯಿಪಾಠ.

ಸರಿ ಸ್ವಾಮಿ, ಈಗ ಎರಡನೇ ಪ್ರಶ್ನೆ. ಪುಸ್ತಕದಲ್ಲಿ ಗೂಢಚಾರನನ್ನು ಹುಟ್ಟಿಸಿ, ತಾನೇ ಪೆನ್ನು ಹಿಡಿದು ಅವನನ್ನು ಬೆಳ್ಳಿತೆರೆಗೆ ಕರೆತಂದ ಕಾದಂಬರಿಕಾರ ಯಾರು?

ತಲೆ ಕೆರೆದುಕೊಳ್ಳುತ್ತಿದ್ದೀರಾ? ಕೆರೆದುಕೊಳ್ಳಿ. ಅಷ್ಟರಲ್ಲಿ ನಾನು ನಮ್ಮ ಮನೆಯ ಲೆಕ್ಕ ಒಪ್ಪಿಸುತ್ತೇನೆ.

ಕನ್ನಡದಲ್ಲಿ ಪತ್ತೇದಾರಿ ಬರೆದವರಿಗೇನು ಬರವಿರಲಿಲ್ಲ. ‘ಪತ್ತೇದಾರ ಪುರುಷೋತ್ತಮ’ನ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಓದಲು ಬೇಸರಪಡುತ್ತಿದ್ದವರಿಗೂ ಓದುವ ಚಟ ಹಚ್ಚಿ ಹೋದರು. ಟಿ.ಕೆ. ರಾಮರಾಯರು ಪತ್ತೇದಾರಿಯಲ್ಲಿ ಎತ್ತಿದ ಕೈ. ಆದರೆ ಮಜಾ ನೋಡಿ! ಸಿನಿಮಾದಲ್ಲಿ ಅವರ ಹೆಸರನ್ನು ಅಜರಾಮರ ಮಾಡಿದ್ದು ಕೊಲೆಯಲ್ಲ, ಕಳ್ಳಸಾಗಣೆಯಲ್ಲ, ನೇಗಿಲು! 1972ರ ‘ಬಂಗಾರದ ಮನುಷ್ಯ’ ಅವರದೇ ಕಾದಂಬರಿ. ಇನ್ನು ಎಚ್.ಕೆ. ಅನಂತರಾಯರ ‘ಅಂತ’. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ವೇಷ ಬದಲಿಸಿ, ಕನ್ವರ್‌ಲಾಲ್ ಆಗಿ ವೈರಿಗಳ ಕೋಟೆಗೆ ನುಗ್ಗುವ ಕಥೆ. ಅಂಗಿ ಪೊಲೀಸಿನದು, ಕೆಲಸ ಮಾತ್ರ ಅಪ್ಪಟ ಗೂಢಚಾರನದು. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅದನ್ನು ತೆರೆಗೆ ತಂದರು. ಅಂಬರೀಶ್ ರೆಬೆಲ್ ಸ್ಟಾರ್ ಆಗಿ ಎದ್ದು ನಿಂತರು. ಅದೇ ಕಥೆ ಹಿಂದಿಯಲ್ಲಿ ಜೀತೇಂದ್ರ, ತೆಲುಗಿನಲ್ಲಿ ಕೃಷ್ಣ, ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ ಬಾಯಿಗೂ ಬಂತು. ಕನ್ವರ್‌ಲಾಲ್ ಅಂದರೆ ಇವತ್ತಿಗೂ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಅನಂತರಾವ್ ಅಂದರೆ? ‘ಯಾರ್ರೀ ಅವರು?’ ಅನ್ನುತ್ತಾರೆ.

ಈ ‘ಯಾರ್ರೀ ಅವರು?’ ಅನ್ನುವುದೇ ಈ ವಾರದ ವಿಷಯ.

ಇದನ್ನು ಎತ್ತಿಕೊಳ್ಳಲು ಕಾರಣ ಕಮಲಾಪುರದ ಒಬ್ಬ ಹುಡುಗ. ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಾನೆ, ಕೊನೆಯ ಸೆಮಿಸ್ಟರು. ಮನೆಯಲ್ಲಿ ಎರಡೆಕರೆ ಕೆಂಪು ಬಾಳೆ. ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ? ದೇಶಕ್ಕೇ ಹೆಸರುವಾಸಿ. ಈ ಹುಡುಗ ಮುನ್ನೂರು ಪುಟದ ಗೂಢಚಾರ ಕಾದಂಬರಿ ಬರೆದು ಕೂತಿದ್ದಾನೆ. ಹೋದ ತಿಂಗಳು ಸೂಪರ್ ಮಾರ್ಕೆಟ್ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದ.

“ಅಣ್ಣಾ, ಕಥಿ ಪೂರಾ ರೆಡಿ ಅದ. ಪರೀಕ್ಷಾ ಬಿಟ್ಟು ಬೆಂಗಳೂರಿಗಿ ಹೋಗ್ಬೇಕಂತ ಮಾಡೀನಿ. ಯಾರಾದ್ರೂ ಪ್ರೊಡ್ಯೂಸರಿಗಿ ಕಥಿ ಹೇಳ್ತೀನಿ. ನೀವು ಒಂದ್ ಚೀಟಿ ಬರ್ದು ಕೊಡ್ರಿ.”

ನನಗೆ ಚೀಟಿ ಬರೆಯುವುದು ಕಷ್ಟವಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು, ಸಿನಿಮಾ ಬರೆದುಕೊಂಡೇ ಹೊಟ್ಟೆ ಹೊರೆಯುತ್ತಿರುವವನು ನಾನು. ಈ ಹತ್ತು ವರ್ಷದಲ್ಲಿ ನಾಲ್ಕು ಜನರ ಪರಿಚಯವಿದೆ. ಆದರೆ ಚೀಟಿ ಕೊಡುವ ಮೊದಲು ಅವನ ಊರಿಗೇ ಹೋದೆ. ಹುಮನಾಬಾದ್ ರಸ್ತೆಯ ಬಸ್ಸು ಹಿಡಿದರೆ ಒಂದು ತಾಸಿನ ದಾರಿ. ಅಪ್ಪ ತೋಟದಲ್ಲಿದ್ದರು. ಮಗನ ಮಾತು ಬಂದಾಗ ಏನೂ ಹೇಳಲಿಲ್ಲ, ಒಂದು ಚಿಪ್ಪು ಬಾಳೆಹಣ್ಣು ತಂದು ಮುಂದಿಟ್ಟರು. ಆ ಸುಮ್ಮನಿರುವಿಕೆ ಬೈಗುಳಕ್ಕಿಂತ ಭಾರವಾಗಿತ್ತು.

ಪಕ್ಕದ ಮನೆಯ ಚಾಚಾ ಮಾತ್ರ ಸುಮ್ಮನಿರುವವರಲ್ಲ. ಎಂಬತ್ತರ ಹತ್ತಿರದ ವಯಸ್ಸು. ಉರ್ದು ಶಾಲೆಯಲ್ಲಿ ಓದಿದವರು. ನಮ್ಮ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತಲ್ಲ. ಇಲ್ಲಿ ಕನ್ನಡ, ಉರ್ದು ಎರಡೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದ ಭಾಷೆಗಳು. ಹುಡುಗನ ಕಾದಂಬರಿ ಗೂಢಚಾರನದು ಅಂತ ಕೇಳಿದ್ದೇ ತಡ, ಚಾಚಾರ ಕಣ್ಣು ಮಿಂಚಿದವು.

“ಇಬ್ನೆ ಸಫಿ ಓದೀಯೇನೋ ಬೇಟಾ?”

ಅಲ್ಲಿ ಸಿಕ್ಕಿತು ನೋಡಿ, ನನ್ನ ಎರಡನೇ ಪ್ರಶ್ನೆಗೆ ಉತ್ತರ!

ಇಬ್ನೆ ಸಫಿ! ನಿಜ ಹೆಸರು ಅಸ್ರಾರ್ ಅಹ್ಮದ್. 1928ರ ಜುಲೈ 26ರಂದು ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಮೊದಲು ಕವಿ, ಆಮೇಲೆ ಹಾಸ್ಯ ಬರಹಗಾರ. ಬಿ.ಎ. ಮಾಡಿದವರು, ಅಲಹಾಬಾದಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಒಂದು ದಿನ ಗೆಳೆಯರ ಬೈಠಕ್ಕಿನಲ್ಲಿ ಯಾರೋ ಒಬ್ಬರು, ಉರ್ದುವಿನಲ್ಲಿ ಅಶ್ಲೀಲ ಬರೆದರೆ ಮಾತ್ರ ಮಾರಾಟ ಅಂದರಂತೆ. ಮೇಷ್ಟ್ರಿಗೆ ಕೆರಳಿತು. ಪೋಲಿ ಮಾತು ಒಂದೂ ಇಲ್ಲದೆ ಮಾರಿ ತೋರಿಸುತ್ತೇನೆ ಅಂತ ಹಟ ಹಿಡಿದು ಕೂತರು. 1952ರಲ್ಲಿ ‘ಜಾಸೂಸಿ ದುನಿಯಾ’ ಶುರುವಾಯಿತು. ಮೊದಲ ಕಾದಂಬರಿ ‘ದಿಲೇರ್ ಮುಜ್ರಿಮ್’.

ಅದೇ ವರ್ಷ ಆಗಸ್ಟಿನಲ್ಲಿ ಅವರ ಕುಟುಂಬ ಕರಾಚಿಗೆ ಹೋಯಿತು. ಗಡಿ ದಾಟಿದ್ದು ಲೇಖಕ, ಪುಸ್ತಕವಲ್ಲ! ಕಾದಂಬರಿಗಳು ಕರಾಚಿಯಲ್ಲೂ ಅಚ್ಚಾದವು, ಅಲಹಾಬಾದಿನಲ್ಲೂ ಅಚ್ಚಾದವು. ಹಿಂದಿಗೆ ಬಂದಾಗ ನಾಯಕರ ಹೆಸರು ಬದಲಾಯಿತು: ಕರ್ನಲ್ ಫರೀದಿ ವಿನೋದ್ ಆದ, ಇಮ್ರಾನ್ ರಾಜೇಶ್ ಆದ. ಎರಡು ದೇಶಗಳು ಯುದ್ಧ ಮಾಡಿದರೂ ಗೂಢಚಾರರು ಇಬ್ಬರೂ ಎರಡೂ ಕಡೆ ಆರಾಮವಾಗಿ ಓಡಾಡಿಕೊಂಡಿದ್ದರು!

1955ರಲ್ಲಿ ಹುಟ್ಟಿದ ಇಮ್ರಾನನದೇ ಕಥೆ ಕೇಳಿ. ನೋಡುವವರಿಗೆ ಪೆದ್ದ. ಅಸಂಬದ್ಧ ಮಾತು, ವಿಚಿತ್ರ ಬಟ್ಟೆ. ಅವನ ಜೊತೆ ಕೆಲಸ ಮಾಡುವ ಏಜೆಂಟರೇ ಅವನನ್ನು ಕಂಡರೆ ನಗುತ್ತಾರೆ. ಆದರೆ ಅದೇ ಏಜೆಂಟರು ಗಡಗಡ ನಡುಗುವುದು ಫೋನಿನಲ್ಲಿ ಬರುವ ಒಂದು ದನಿಗೆ. ಸೀಕ್ರೆಟ್ ಸರ್ವಿಸ್‌ನ ಮುಖ್ಯಸ್ಥ, ‘ಎಕ್ಸ್–ಟೂ’. ಅವನ ಮುಖ ಕಂಡವರಿಲ್ಲ. ಆ ಎಕ್ಸ್–ಟೂ ಬೇರೆ ಯಾರೂ ಅಲ್ಲ, ಇದೇ ಪೆದ್ದ ಇಮ್ರಾನ್! ಓದುಗನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಇದಕ್ಕಿಂತ ಮಜಾ ಬೇಕೇನ್ರೀ?

“ನಾವು ನಾಕ್ ಮಂದಿ ಸೇರಿ ಒಂದ್ ಕಿತಾಬ್ ಕಿರಾಯಿಗಿ ತರ್ತಿದ್ವಿ. ಒಬ್ಬ ಓದೂದು, ಮೂರ್ ಮಂದಿ ಕೇಳೂದು. ಕಂದೀಲಿನ ಎಣ್ಣಿ ಮುಗೀತಂದ್ರ ಕಥಿ ಮರುದಿನಕ್ಕ,” ಅಂದರು ಚಾಚಾ.

1960ರಲ್ಲಿ ಪೆಟ್ಟು ಬಿತ್ತು. ಇಬ್ನೆ ಸಫಿ ಅವರಿಗೆ ಮಾನಸಿಕ ಕಾಯಿಲೆ, ಸ್ಕಿಜೋಫ್ರೇನಿಯಾ. ಮೂರು ವರ್ಷ ಪೆನ್ನು ಮುಟ್ಟಲಿಲ್ಲ. ಈ ಸಂದಿಯಲ್ಲಿ ಏನಾಯಿತು ಗೊತ್ತೇ? ಹೆಸರಿನಲ್ಲಿ ಒಂದೆರಡಕ್ಷರ ಆಚೀಚೆ ಮಾಡಿಕೊಂಡು ನಕಲಿ ‘ಸಫಿ’ಗಳು ಹುಟ್ಟಿಕೊಂಡರು. ಅವರ ಪಾತ್ರಗಳನ್ನೇ ಎತ್ತಿಕೊಂಡು ಬರೆದು ಮಾರಿದರು. ನಿಜವಾದ ಸಫಿ ಗುಣವಾಗಿ 1963ರಲ್ಲಿ ‘ಡೇಢ್ ಮತ್ವಾಲೆ’ ಬರೆದಾಗ ಭಾರತದ ಆವೃತ್ತಿಯನ್ನು ಬಿಡುಗಡೆ ಮಾಡಿದವರು ಯಾರು? ಲಾಲ್ ಬಹಾದ್ದೂರ್ ಶಾಸ್ತ್ರಿ! ಮರುವರ್ಷ ಅವರೇ ಈ ದೇಶದ ಪ್ರಧಾನಿ. ಪತ್ತೇದಾರಿ ಕಾದಂಬರಿಗೆ ಇಂಥ ಮರ್ಯಾದೆ ಇನ್ನೆಲ್ಲಿ ಸಿಕ್ಕೀತು?

ಈಗ ಸಿನಿಮಾಕ್ಕೆ ಬರೋಣ.

1974ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದಲ್ಲಿ ‘ಧಮಾಕಾ’ ತೆರೆಕಂಡಿತು. ‘ಬೇಬಾಕೋಂ ಕೀ ತಲಾಶ್’ ಕಾದಂಬರಿಯ ಚಿತ್ರರೂಪ. ಚಿತ್ರಕಥೆ ಸ್ವತಃ ಇಬ್ನೆ ಸಫಿ ಅವರದು. ನಾಯಕಿ ಶಬನಮ್. ನಾಯಕ ಹೊಸ ಹುಡುಗ, ಆಮೇಲೆ ದೊಡ್ಡ ಹೆಸರು ಮಾಡಿದ ಜಾವೇದ್ ಶೇಖ್. ಇಮ್ರಾನ್ ಎಲ್ಲಿ? ಪರದೆಯ ಮೇಲೆ ಬರುವುದೇ ಇಲ್ಲ! ಎಕ್ಸ್–ಟೂ ಬರೀ ದನಿಯಾಗಿ ಕೇಳಿಸುತ್ತಾನೆ. ಆ ದನಿ ಕೊಟ್ಟವರು ಖುದ್ದು ಇಬ್ನೆ ಸಫಿ!

ಈ ಒಂದು ವಿಷಯವನ್ನು ನಾನು ತುಂಬಾ ಹೊತ್ತು ಯೋಚಿಸಿದೆ. ಪುಸ್ತಕ ಓದುವಾಗ ಪ್ರತಿಯೊಬ್ಬನ ತಲೆಯಲ್ಲೂ ಒಬ್ಬೊಬ್ಬ ಇಮ್ರಾನ್ ಇರುತ್ತಾನೆ. ಪರದೆಯ ಮೇಲೆ ಒಬ್ಬ ನಟ ಬಂದು ನಿಂತ ಕೂಡಲೇ ಉಳಿದ ಲಕ್ಷ ಇಮ್ರಾನರು ಸತ್ತರು. ಮೇಷ್ಟ್ರು ಅದನ್ನು ಬಲ್ಲವರಂತೆ, ಮುಖ ಬಚ್ಚಿಟ್ಟು ದನಿ ಮಾತ್ರ ಕೊಟ್ಟರು. ಪುಸ್ತಕದಲ್ಲಿ ಹತ್ತು ಪುಟ ಬೇಕಾದ ಗುಟ್ಟು ಸಿನಿಮಾದಲ್ಲಿ ಒಂದು ದನಿ, ಒಂದು ಕತ್ತಲೆ. ಕಾದಂಬರಿಕಾರ ಚಿತ್ರಕಥೆಗಾರನಾಗುವುದು ಅಂದರೆ ಇದು. ಮುನ್ನೂರು ಪುಟ ಓದಿ ಹೇಳುವುದಲ್ಲ. ಯಾವುದನ್ನು ತೋರಿಸಬಾರದು ಅಂತ ತಿಳಿಯುವುದು.

ಚಾಚಾ ಹೇಳಿದ್ದೂ ಅದನ್ನೇ. “ನಾವು ಪರದಾ ಮ್ಯಾಲ ಇಮ್ರಾನಗ ನೋಡ್ಲೇ ಇಲ್ಲ. ಖರೇ ಹೇಳ್ಬೇಕಂದ್ರ, ನೋಡೂ ಜರೂರತ್ತೂ ಬೀಳ್ಲಿಲ್ಲ.”

ಎರಡು ಸರಣಿ ಸೇರಿ ಸುಮಾರು 245 ಕಾದಂಬರಿ. ಸಿನಿಮಾ ಒಂದೇ ಒಂದು. 1980ರ ಜುಲೈ 26ರಂದು, ಹುಟ್ಟಿದ ದಿನವೇ, ಐವತ್ತೆರಡು ತುಂಬಿದ ದಿನವೇ ಕರಾಚಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆದರೆ ಸಿನಿಮಾ ಅವರನ್ನು ಬಿಡಲಿಲ್ಲ. ‘ಶೋಲೆ’ ಬರೆದ ಸಲೀಂ–ಜಾವೇದ್ ಜೋಡಿಯ ಜಾವೇದ್ ಅಖ್ತರ್, ತಾವು ಇಬ್ನೆ ಸಫಿ ಓದಿ ಬೆಳೆದವರು, ಖಳನಾಯಕನನ್ನು ಆಕಾಶದೆತ್ತರಕ್ಕೆ ಕಟ್ಟುವುದನ್ನು ಅಲ್ಲಿ ಕಲಿತವರು ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ಅಂದರೆ ಗಬ್ಬರ್ ಸಿಂಗನ ಹಿಂದೆಯೂ ಅಲಹಾಬಾದಿನ ಆ ಮೇಷ್ಟ್ರ ನೆರಳಿದೆ!

ಇದೇ ಸಲೀಂ–ಜಾವೇದರ ಇನ್ನೊಂದು ಕಥೆ. 1973ರಲ್ಲಿ ‘ಜಂಜೀರ್’ ಬಂದಾಗ ಪೋಸ್ಟರಿನಲ್ಲಿ ಬರೆದವರ ಹೆಸರಿಲ್ಲ. ಇವರು ಪೇಂಟರನ್ನು ಹಿಡಿದು, ಮುಂಬಯಿಯ ಗೋಡೆಗಳ ಮೇಲಿದ್ದ ಪೋಸ್ಟರುಗಳಿಗೆಲ್ಲ ತಮ್ಮ ಹೆಸರು ಬಳಿಸಿದರು! ಜೇಮ್ಸ್ ಬಾಂಡ್‌ನ ಅಪ್ಪ ಇಯಾನ್ ಫ್ಲೆಮಿಂಗ್ ಗತಿಯೂ ನೋಡಿ. ಇನ್ನಿಬ್ಬರ ಜೊತೆ ಸೇರಿ ಹೊಸೆದ ಚಿತ್ರಕಥೆಯನ್ನು 1961ರಲ್ಲಿ ‘ಥಂಡರ್‌ಬಾಲ್’ ಎಂಬ ಕಾದಂಬರಿ ಮಾಡಿ ತನ್ನೊಬ್ಬನ ಹೆಸರು ಹಾಕಿಕೊಂಡ. ಕೆವಿನ್ ಮೆಕ್ಲೋರಿ ಕೋರ್ಟಿಗೆಳೆದ. 1963ರಲ್ಲಿ ರಾಜಿಯಾಯಿತು, ಮುಂದಿನ ಮುದ್ರಣಗಳಲ್ಲಿ ಮೂವರ ಹೆಸರೂ ಬಂತು. ನೋಡಿದಿರಾ? ಜಗತ್ತಿನ ಅತಿ ದೊಡ್ಡ ಗೂಢಚಾರನ ಮನೆಯಲ್ಲೂ ಜಗಳ ಹೆಸರಿನದೇ.

ನನ್ನದೂ ಒಂದಿದೆ, ಚಿಕ್ಕದು. ಒಂದು ಚಿತ್ರಕ್ಕೆ ನಾಲ್ಕು ದೃಶ್ಯ ಬರೆದುಕೊಟ್ಟೆ. ಯಾವ ಚಿತ್ರ, ಯಾರು ಅಂತ ಕೇಳಬೇಡಿ. ಥಿಯೇಟರಿನಲ್ಲಿ ನನ್ನ ಮಾತಿಗೆ ಜನ ಚಪ್ಪಾಳೆ ಹೊಡೆದರು. ಟೈಟಲ್ ಕಾರ್ಡಿನಲ್ಲಿ ಚಹಾ ಕೊಟ್ಟವರ ಹೆಸರಿತ್ತು, ನನ್ನದಿರಲಿಲ್ಲ. ಚಹಾ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ದುಡಿದವರೇ.

ಹಾಗಾಗಿ ಕಮಲಾಪುರದ ತಮ್ಮನಿಗೆ, ಅವನಂಥ ನೂರು ತಮ್ಮಂದಿರಿಗೆ ನಾನು ಹೇಳುವುದು ಇಷ್ಟು.

ಒಂದು: ಬಾಯಲ್ಲಿ ಕಥೆ ಹೇಳಿ ಬರಬೇಡ. ಬರೀ ಐಡಿಯಾಕ್ಕೆ ಕಾನೂನಿನ ರಕ್ಷಣೆ ಇಲ್ಲ. ಬರೆದ ರೂಪಕ್ಕೆ ಮಾತ್ರ ಇದೆ. 1978ರಲ್ಲಿ ಸುಪ್ರೀಂ ಕೋರ್ಟು ಒಂದು ನಾಟಕ ಮತ್ತು ‘ನ್ಯೂ ಡೆಲ್ಲಿ’ ಚಿತ್ರದ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ನಾಟಕ ಬರೆದಾತ ಸೋತ. ಅದಕ್ಕೇ ದೃಶ್ಯ ದೃಶ್ಯವಾಗಿ ಬರೆ, ತಾರೀಖು ಹಾಕು, ನೋಂದಾಯಿಸು, ಆಮೇಲೆ ಬಾಗಿಲು ಬಡಿ.

ಎರಡು: ಕರಾರು ಓದದೆ ಸಹಿ ಹಾಕಬೇಡ. ಕೃತಿ ಮಾರಿದರೂ ‘ಇದನ್ನು ಬರೆದವನು ನಾನು’ ಎನ್ನುವ ಹಕ್ಕು ಕಾನೂನಿನಲ್ಲಿ ನಿನ್ನದೇ. 2012ರ ತಿದ್ದುಪಡಿ ಆದಮೇಲೆ, ಥಿಯೇಟರಿನ ಆಚೆ ಚಿತ್ರದ ಬಳಕೆಯಿಂದ ಬರುವ ರಾಯಲ್ಟಿಯ ಪಾಲನ್ನೂ ಬರೆದವನಿಂದ ಕಿತ್ತುಕೊಳ್ಳುವಂತಿಲ್ಲ. ನರಸಿಂಹಯ್ಯ, ರಾಮರಾವ್ ಅವರ ಕಾಲದಲ್ಲಿ ಈ ಕಾನೂನು ಇರಲಿಲ್ಲ. ನಿನಗಿದೆ.

ಮೂರು: ಪರೀಕ್ಷೆ ಬರೆ. ಇಬ್ನೆ ಸಫಿ ಬಿ.ಎ. ಮಾಡಿದವರು, ಶಾಲೆಯ ಸಂಬಳ ಕೈಯಲ್ಲಿಟ್ಟುಕೊಂಡು ಕಾದಂಬರಿ ಶುರು ಮಾಡಿದವರು. ಹೊಟ್ಟೆ ತುಂಬಿದವನು ನಿರ್ಮಾಪಕನಿಗೆ ‘ಆಗಲ್ಲ’ ಅನ್ನಬಲ್ಲ. ಹಸಿದವನು ‘ಹೆಸರು ಬೇಡ, ಅಡ್ವಾನ್ಸ್ ಕೊಡಿ’ ಅನ್ನುತ್ತಾನೆ. ಪಿಯುಸಿ ಬಿಟ್ಟವನು ಇದನ್ನು ಹೇಳಿದರೆ ನಗು ಬರಬಹುದು. ನಗು. ಆದರೆ ರೈಲು ನಿಲ್ದಾಣದ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದವನ ಮಾತಿಗೆ ಸ್ವಲ್ಪ ತೂಕವಿರುತ್ತದೆ.

ಹುಡುಗ ಒಂದು ವಾರ ಮಾತಾಡಲಿಲ್ಲ. ಮೊನ್ನೆ ಫೋನು ಮಾಡಿ, “ಅಣ್ಣಾ, ಹೀರೋನ ಬಾಸ್ ಇದ್ದಾನಲ್ರಿ, ಅವ್ನ ಮಾರಿ ತೋರ್ಸೂದು ತೆಗ್ದೀನಿ. ಬರೀ ದನಿ ಇಟ್ಟೀನಿ. ಕಾಪಿ ಹೊಡ್ದಂಗ ಆತೇನ್ರಿ?” ಅಂದ.

ಆಯಿತಪ್ಪಾ, ಖಂಡಿತ ಆಯಿತು! ಆದರೆ ಇಬ್ನೆ ಸಫಿ ಕೂಡ ತಮ್ಮ ಮೊದಲ ಕಾದಂಬರಿಗೆ ಇಂಗ್ಲಿಷಿನ ವಿಕ್ಟರ್ ಗನ್ ಪುಸ್ತಕದಿಂದ ಎಳೆ ತೆಗೆದುಕೊಂಡವರೇ, ಅದನ್ನು ಒಪ್ಪಿಕೊಂಡವರೇ. ಕಲಿಯುವುದು ಹಾಗೆಯೇ. ಇಪ್ಪತ್ತನೇ ಕಥೆಯ ಹೊತ್ತಿಗೆ ದನಿ ನಿನ್ನದಾಗಿರಬೇಕು, ಅಷ್ಟೇ.

ಚೀಟಿ ಬರೆದಿಟ್ಟಿದ್ದೇನೆ. ಕೊನೆಯ ಪೇಪರು ಮುಗಿದ ಸಂಜೆ ಬಂದು ತೆಗೆದುಕೊಂಡು ಹೋಗಲಿ.